ಶ್ರೀನಾಥ್ ಬೌಲಿಂಗ್ ನೋಡಿದವರು ಹೇಳಿ: ಮಗನಿಗೆ ಯಾವ ಪಂದ್ಯ ತೋರಿಸಲಿ?

ಕಡಿಯಾಳಿಯಿಂದ:

ನಮಸ್ಕಾರ. ಉಡುಪಿಯ ಕಡಿಯಾಳಿಯಿಂದ ಬರೆಯುತ್ತಿದ್ದೇನೆ. ನನ್ನ ಮಗ ಒಂಬತ್ತನೇ ಕ್ಲಾಸು. ವೇಗದ ಬೌಲರ್ ಆಗಬೇಕು ಅಂತ ಒಂದೇ ಹಠ. ಶಾಲೆ ಬಿಟ್ಟ ಮೇಲೆ ಅಜ್ಜರಕಾಡಿಗೆ ಹೋಗಿ ಲೆದರ್ ಬಾಲ್‌ನಲ್ಲಿ ಅಭ್ಯಾಸ ಮಾಡುತ್ತಾನೆ. ರಜೆಯಲ್ಲಿ ಅಜ್ಜಿ ಮನೆಗೆ ಹೋದರೆ ಕೊಯ್ಲಾದ ಗದ್ದೆಯಲ್ಲಿ ಹುಡುಗರ ಜೊತೆ ಅಂಡರ್‌ಆರ್ಮ್ ಆಟ.

ಬುಮ್ರಾ ಅಂದರೆ ಅವನಿಗೆ ಜೀವ. ನನಗೂ ಬುಮ್ರಾ ಇಷ್ಟವೇ. ಆದರೆ ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಜಾವಗಲ್ ಶ್ರೀನಾಥ್ ಮಾತು ಬಂತು. ನಾನು ಮಣಿಪಾಲದಲ್ಲಿ ಓದುತ್ತಿದ್ದ ಕಾಲಕ್ಕೆ ನಮ್ಮ ಹಾಸ್ಟೆಲಿನ ಟಿವಿ ಎದುರು ಅವರ ಓವರ್ ಶುರುವಾದರೆ ಯಾರೂ ಏಳುತ್ತಿರಲಿಲ್ಲ. ಅದನ್ನೇ ಹೇಳಿದೆ. ಅವನು ಫೋನ್ ತೆಗೆದು ಅಂಕಿ ಓದಿದ. 67 ಟೆಸ್ಟ್, 236 ವಿಕೆಟ್, ಸರಾಸರಿ (ಒಂದು ವಿಕೆಟಿಗೆ ಕೊಟ್ಟ ರನ್, ಕಡಿಮೆ ಇದ್ದಷ್ಟು ಒಳ್ಳೆಯದು) 30.49. "ಬುಮ್ರಾ ಸರಾಸರಿ 20ಕ್ಕಿಂತ ಕಡಿಮೆ ಅಮ್ಮ. ಇವರದ್ದು 30. ಮತ್ತೆ 2003ರ ವಿಶ್ವಕಪ್ ಫೈನಲ್‌ನಲ್ಲಿ 10 ಓವರಿಗೆ 87 ರನ್ ಕೊಟ್ಟಿದ್ದಾರೆ. ಮತ್ತೆ ಎಂತಕ್ಕೆ ಅಷ್ಟು ಹೊಗಳುವುದು?" ಅಂದ.

ಅವರು ದೊಡ್ಡ ಬೌಲರ್ ಅಂತ ನನಗೆ ಗೊತ್ತುಂಟು. ಆದರೆ ಬೌಲಿಂಗ್ ಮಾಡುವ ಹುಡುಗನಿಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಬರುವುದಿಲ್ಲ. ಅವರನ್ನು ಚೆನ್ನಾಗಿ ನೋಡಿದವರು ಯಾರಾದರೂ ಹೇಳುತ್ತೀರಾ? ಯೂಟ್ಯೂಬ್‌ನಲ್ಲಿ ಯಾವ ಪಂದ್ಯ ಹುಡುಕಿ ತೋರಿಸಲಿ?

ಕಾಪು ಲೈಟ್‌ಹೌಸ್:

ಅಕ್ಕ, ಮೊದಲು 1996ರ ಟೈಟಾನ್ ಕಪ್ ತೋರಿಸಿ. ಬೆಂಗಳೂರು, ಆಸ್ಟ್ರೇಲಿಯಾ ವಿರುದ್ಧ. 216 ಬೇಕಿತ್ತು. ಸಚಿನ್ 88ಕ್ಕೆ ಔಟ್ ಆದಾಗ ಸ್ಕೋರ್ 8 ವಿಕೆಟಿಗೆ 164. ಆಮೇಲೆ ಶ್ರೀನಾಥ್ ಮತ್ತು ಕುಂಬ್ಳೆ ಇಬ್ಬರೇ ನಿಂತು 52 ರನ್ ಸೇರಿಸಿ ಗೆಲ್ಲಿಸಿದರು. ಶ್ರೀನಾಥ್ 30 ನಾಟೌಟ್, ಕುಂಬ್ಳೆ 16 ನಾಟೌಟ್. ಬೌಲಿಂಗ್ ಅಲ್ಲ, ಗೊತ್ತು. ಆದರೂ ಮನುಷ್ಯ ಎಂಥವರು ಅಂತ ಅದರಲ್ಲಿ ಗೊತ್ತಾಗುತ್ತದೆ. ಆ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಿದ್ದು ಈಗಲೂ ನೆನಪುಂಟು.

ಬಿಜೈ ಬೌಲರ್:

ನಿಮ್ಮ ಮಗ ಅಂಕಿ ನೋಡಿ ಪ್ರಶ್ನೆ ಕೇಳಿದ್ದು ಒಳ್ಳೆಯದೇ ಮೇಡಂ. ಬೈಬೇಡಿ. ಆದರೆ ಆ ಅಂಕಿ ಯಾವ ಪಿಚ್‌ನಲ್ಲಿ, ಯಾರ ಜೊತೆ ಹಾಕಿ, ಯಾವ ವಯಸ್ಸಿನಲ್ಲಿ ಬಂದದ್ದು ಅಂತಲೂ ಅವನು ಕೇಳಬೇಕು. ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು 80ರ ದಶಕದ ಕೊನೆಯಲ್ಲಿ ಮಂಗಳೂರಿನಲ್ಲಿ ಕಾಲೇಜಿಗೆ ಆಡುತ್ತಿದ್ದೆ. ನೆಹರೂ ಮೈದಾನದಲ್ಲಿ ಮ್ಯಾಟ್ ಹಾಸಿ ಆಡುವಾಗ ಹೊಸ ಚೆಂಡು ನನ್ನ ಕೈಗೆ ಬರುತ್ತಿತ್ತು. ಆಗ ನಮ್ಮ ಕಡೆ ವೇಗದ ಬೌಲರ್ ಅಂದರೆ ನಾಲ್ಕೈದು ಓವರಿನ ಕೆಲಸ. ಚೆಂಡಿನ ಹೊಳಪು ಹೋಯಿತು ಅನ್ನುವಷ್ಟರಲ್ಲಿ ಕ್ಯಾಪ್ಟನ್ ಸ್ಪಿನ್ನರನ್ನು ಕರೆಯುತ್ತಿದ್ದ. ನಾವು ಫೈನ್ ಲೆಗ್ಗಿಗೆ ಹೋಗಿ ನಿಲ್ಲುವುದು. ಭಾರತ ತಂಡದಲ್ಲೂ ಕಪಿಲ್ ದೇವ್ ಒಬ್ಬರನ್ನು ಬಿಟ್ಟರೆ ಹೆಚ್ಚುಕಡಿಮೆ ಅದೇ ಪದ್ಧತಿ. ತವರಿನ ಟೆಸ್ಟಿನಲ್ಲಿ ಪಂದ್ಯ ಗೆಲ್ಲಿಸುವುದು ಸ್ಪಿನ್ನರ್ ಅಂತ ಎಲ್ಲರೂ ಒಪ್ಪಿಕೊಂಡಿದ್ದರು.

ಅಂಥ ಹೊತ್ತಿನಲ್ಲಿ ಮೈಸೂರಿನ ಒಬ್ಬ ಹುಡುಗ, ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಶನ್ ಓದಿದವನು, 1989-90ರಲ್ಲಿ ಕರ್ನಾಟಕದ ಪರ ಮೊದಲ ರಣಜಿ ಪಂದ್ಯ ಆಡಿದ. ಹೈದರಾಬಾದ್ ವಿರುದ್ಧ. ಆ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್. ಪೇಪರಿನಲ್ಲಿ ಆ ಸುದ್ದಿ ಓದಿ ನಾವು ಹೊಸ ಚೆಂಡಿನವರೆಲ್ಲ ಎಷ್ಟು ಖುಷಿಪಟ್ಟೆವು ಅಂದರೆ, ನಮಗೇ ವಿಕೆಟ್ ಸಿಕ್ಕಿದಷ್ಟು. ಅವರಲ್ಲಿ ವಿಷಯ ಉಂಟು ಅಂತ ಮೊದಲು ಗುರುತಿಸಿದವರು ಜಿ.ಆರ್. ವಿಶ್ವನಾಥ್. 1991ರ ಕೊನೆಗೆ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದರು.

ಇಲ್ಲಿಂದ ಮುಂದಿನದ್ದು ನಿಮ್ಮ ಮಗ ಸರಿಯಾಗಿ ಕೇಳಬೇಕು. ಬ್ರಿಸ್ಬೇನ್ ಆದ ಮೇಲೆ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು ಯಾವಾಗ? 1994ರ ನವೆಂಬರಿನಲ್ಲಿ, ಮುಂಬೈಯಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಅದೂ ಕಪಿಲ್ ನಿವೃತ್ತಿ ಆದ ನಂತರ. ತವರಿನಲ್ಲಿ ಮೂವರು ಸ್ಪಿನ್ನರ್ ಇದ್ದರೆ ಇಬ್ಬರು ವೇಗಿಗಳಿಗೆ ಮಾತ್ರ ಜಾಗ. ಕಪಿಲ್ ಅತಿ ಹೆಚ್ಚು ಟೆಸ್ಟ್ ವಿಕೆಟಿನ ಹ್ಯಾಡ್ಲಿಯ ದಾಖಲೆ ಹತ್ತಿರ ಬಂದಿದ್ದರು, ಇನ್ನೊಂದು ಜಾಗ ಪ್ರಭಾಕರ್‌ಗೆ. ಕಪಿಲ್ ಮೇಲೆ ನನಗೆ ಅಪಾರ ಗೌರವ ಉಂಟು. ಆದರೆ 22ರಿಂದ 25 ವೇಗದ ಬೌಲರಿಗೆ ಮೈಯಲ್ಲಿ ಬೆಂಕಿ ಇರುವ ವಯಸ್ಸು. ಆ ವರ್ಷಗಳಲ್ಲಿ ದೇಶದ ಅತಿ ವೇಗದ ಬೌಲರ್ ನೀರಿನ ಬಾಟಲಿ ಹೊತ್ತುಕೊಂಡು ಕೂತಿದ್ದರು. ಇದು ಯಾವ ಸರಾಸರಿಯಲ್ಲೂ ಕಾಣುವುದಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಪಂದ್ಯದ ವಿಷಯ. ಮೊದಲು ಅಹ್ಮದಾಬಾದ್ ತೋರಿಸಿ. 1996ರ ನವೆಂಬರ್, ದಕ್ಷಿಣ ಆಫ್ರಿಕಾ ವಿರುದ್ಧ. ಪಿಚ್ ಬಿರುಕು ಬಿಟ್ಟಿತ್ತು. ಅವರಿಗೆ ಗೆಲ್ಲಲು ಬರೀ 170. ಕುಂಬ್ಳೆ ಇದ್ದಾರೆ, ಸುನಿಲ್ ಜೋಶಿ ಇದ್ದಾರೆ, ಇನ್ನು ಅವರೇ ನೋಡಿಕೊಳ್ಳಬೇಕು ಅಂತ ಎಲ್ಲರ ಲೆಕ್ಕ. ಶ್ರೀನಾಥ್ ಶುರುವಿನಲ್ಲೇ ಹಡ್ಸನ್ ಮತ್ತು ಕಲಿನನ್ ಇಬ್ಬರನ್ನೂ ಒಂದರ ಹಿಂದೆ ಒಂದು ಚೆಂಡಿನಲ್ಲಿ ತೆಗೆದರು. ದಕ್ಷಿಣ ಆಫ್ರಿಕಾ 105ಕ್ಕೆ ಆಲೌಟ್. ಶ್ರೀನಾಥ್‌ಗೆ 21 ರನ್ನಿಗೆ 6 ವಿಕೆಟ್. ಸ್ಪಿನ್ನರಿಗಾಗಿ ಕಾದಿದ್ದ ಪಿಚ್‌ನಲ್ಲಿ ವೇಗಿಯೊಬ್ಬರು ಪಂದ್ಯ ಗೆಲ್ಲಿಸಿದರು. ನಾನು ಅವತ್ತು ಹಂಪನಕಟ್ಟೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಎದುರು ನಿಂತು ನೋಡಿದವನು. ಅಂಗಡಿಯವರು ಯಾರನ್ನೂ ಓಡಿಸಲಿಲ್ಲ, ಅವರೂ ಗಲ್ಲೆ ಬಿಟ್ಟು ಬಂದು ನಮ್ಮ ಜೊತೆ ನಿಂತರು.

ಅದನ್ನು ನೋಡುವಾಗ ಮಗನಿಗೆ ಒಂದು ವಿಷಯ ಗಮನಿಸಲು ಹೇಳಿ. ಶ್ರೀನಾಥ್ ಅವರ ಮುಖ್ಯ ಚೆಂಡು ಬಲಗೈ ಬ್ಯಾಟ್ಸ್‌ಮನ್‌ಗೆ ಒಳಗೆ ಬರುವಂಥದ್ದು. ಆಫ್ ಸ್ಟಂಪಿನ ಹೊರಗೆ ಬಿದ್ದು ಒಳಗೆ ನುಗ್ಗುತ್ತಿತ್ತು. ಎತ್ತರದ ಆಳು, ಕೈ ನೆಟ್ಟಗೆ ಮೇಲಿಂದ ಬರುತ್ತಿತ್ತು. ಶುರುವಿನ ವರ್ಷಗಳಲ್ಲಿ ಅವರು ಸ್ವಲ್ಪ ಗಿಡ್ಡ ಹಾಕುತ್ತಿದ್ದರು. ಚೆಂಡು ಬ್ಯಾಟಿನ ಅಂಚು ದಾಟಿ ಕೀಪರ್ ಕೈಗೆ ಹೋಗುವುದು, ಪ್ರೇಕ್ಷಕರು ಹೋ ಅನ್ನುವುದು, ವಿಕೆಟ್ ಮಾತ್ರ ಇಲ್ಲ. ಎಷ್ಟು ಸಲ ನೋಡಿದ್ದೇವೆ! ಅಹ್ಮದಾಬಾದ್‌ನಂಥ ಚೆಂಡು ಏಳದ ಪಿಚ್‌ನಲ್ಲಿ ಅವರು ಮುಂದೆ ಹಾಕಿ ನೇರ ಸ್ಟಂಪಿಗೆ ಗುರಿ ಇಟ್ಟರು. ಬ್ಯಾಟ್ಸ್‌ಮನ್ ತಪ್ಪಿದರೆ ಕಾಲು, ಇಲ್ಲವಾದರೆ ಸ್ಟಂಪು. ಅಜ್ಜರಕಾಡಿನಲ್ಲಿ ಅಭ್ಯಾಸ ಮಾಡುವ ಹುಡುಗನಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ನಮ್ಮ ಕರಾವಳಿಯ ಮೈದಾನಗಳಲ್ಲಿ ಬೌನ್ಸರ್ ಹಾಕಿ ಯಾರನ್ನೂ ಹೆದರಿಸಲು ಆಗುವುದಿಲ್ಲ.

ಎರಡನೆಯದು ಕೋಲ್ಕತ್ತಾ, 1999ರ ಫೆಬ್ರವರಿ. ಏಷ್ಯನ್ ಟೆಸ್ಟ್ ಚಾಂಪಿಯನ್‌ಶಿಪ್‌ನಲ್ಲಿ ಪಾಕಿಸ್ತಾನದ ವಿರುದ್ಧ. ಮೊದಲ ದಿನ ಬೆಳಿಗ್ಗೆ ಪಾಕಿಸ್ತಾನ 26 ರನ್ನಿಗೆ 6 ವಿಕೆಟ್! ಒಂದು ಕಡೆ ಶ್ರೀನಾಥ್, ಇನ್ನೊಂದು ಕಡೆ ವೆಂಕಟೇಶ್ ಪ್ರಸಾದ್. ಈಡನ್ ಗಾರ್ಡನ್ಸಿನಲ್ಲಿ ಎರಡೂ ತುದಿಯಿಂದ ನಮ್ಮ ಕರ್ನಾಟಕದ ಹುಡುಗರು. ಒಬ್ಬರದ್ದು ಒಳಗೆ ಬರುವ ಚೆಂಡು, ಇನ್ನೊಬ್ಬರದ್ದು ಹೊರಗೆ ಹೋಗುವ ಲೆಗ್ ಕಟರ್. ಎರಡನೇ ಇನ್ನಿಂಗ್ಸಿನಲ್ಲಿ ಸಯೀದ್ ಅನ್ವರ್ ಔಟಾಗದೆ 188 ಹೊಡೆದರು. ಅವರೊಬ್ಬರು ಅಷ್ಟು ಚೆನ್ನಾಗಿ ಆಡುತ್ತಿರುವಾಗ ಇನ್ನೊಂದು ತುದಿಯಲ್ಲಿ ಶ್ರೀನಾಥ್ 8 ವಿಕೆಟ್ ತೆಗೆದರು, 86 ರನ್ನಿಗೆ. ಎರಡೂ ಇನ್ನಿಂಗ್ಸ್ ಸೇರಿ 132 ರನ್ನಿಗೆ 13. ಇಪ್ಪತ್ತರಲ್ಲಿ ಹದಿಮೂರು ಒಬ್ಬರಿಗೇ!

ಭಾರತ ಆ ಪಂದ್ಯ 46 ರನ್ನಿನಿಂದ ಸೋತಿತು. ಸಚಿನ್ ರನೌಟ್, ಗಲಾಟೆ, ಕೊನೆಗೆ ಜನರನ್ನೆಲ್ಲ ಹೊರಗೆ ಕಳಿಸಿ ಆಟ ಮುಗಿಸಿದ್ದು, ಎಲ್ಲರಿಗೂ ಇದೇ ನೆನಪು. ಆ 13 ವಿಕೆಟ್ ಬಗ್ಗೆ ಮಾತಾಡುವವರು ಕಡಿಮೆ. ನಾನು ಸಿಕ್ಕಿದವರಿಗೆಲ್ಲ ಹೇಳುತ್ತಾ ಇರುತ್ತೇನೆ.

ಇನ್ನೊಂದು ವಿಷಯ. ಕೋಲ್ಕತ್ತಾದ ಆ ಬೌಲಿಂಗ್ ಬಂದದ್ದು ಭುಜದ ಆಪರೇಷನ್ ಆದ ಮೇಲೆ. 1997ರಲ್ಲಿ ಅವರ ಬಲ ಭುಜದ ರೊಟೇಟರ್ ಕಫ್ ಕೆಟ್ಟಿತ್ತು. ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಅವು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ಆ ಕಾಲಕ್ಕೆ ವೇಗದ ಬೌಲರಿಗೆ ಭುಜ ಕೊಯ್ದರೆ ಮುಗಿಯಿತು ಅಂತಲೇ ಜನ ಮಾತಾಡುತ್ತಿದ್ದರು. ಅವರು ವಾಪಸ್ ಬಂದರು, ಬಂದು ತಮ್ಮ ಜೀವನದ ಅತ್ಯುತ್ತಮ ಬೌಲಿಂಗ್ ಹಾಕಿದರು.

ಸರಾಸರಿ 30.49 ಅಂದನಲ್ಲ ನಿಮ್ಮ ಮಗ. ತವರಿನ ಟೆಸ್ಟ್‌ಗಳಲ್ಲಿ ಮಾತ್ರ ನೋಡಿದರೆ ಅದು 27ಕ್ಕಿಂತ ಕಡಿಮೆ. ನಮ್ಮ ಸತ್ತ ಪಿಚ್‌ಗಳಲ್ಲಿ! ಬುಮ್ರಾಗೆ ಇನ್ನೊಂದು ತುದಿಯಲ್ಲಿ ಶಮಿ ಇದ್ದರು, ಸಿರಾಜ್ ಇದ್ದಾರೆ. ಶ್ರೀನಾಥ್‌ಗೆ ಪ್ರಸಾದ್ ಬಿಟ್ಟರೆ ಹೆಚ್ಚು ದಿನ ಉಳಿದವರು ಯಾರೂ ಇಲ್ಲ. ಬುಮ್ರಾ ದೊಡ್ಡವರೇ, ಅನುಮಾನ ಬೇಡ. ಆದರೆ ತವರಿನಲ್ಲಿ ಕಪಿಲ್ ಆದ ಮೇಲೆ ಪಂದ್ಯ ಗೆಲ್ಲಲು ವೇಗಿಯ ಕೈಗೆ ಚೆಂಡು ಕೊಡಬಹುದು ಅನ್ನುವ ಧೈರ್ಯ ಕ್ಯಾಪ್ಟನ್‌ಗಳಿಗೆ ಉಳಿದದ್ದು ಶ್ರೀನಾಥ್‌ರಿಂದ.

ಸುರತ್ಕಲ್ ಕಡಲು:

ಬಿಜೈ ಸರ್, ನೀವು ಬರೆದದ್ದು ಓದಿ ಖುಷಿ ಆಯಿತು. ಆದರೆ ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ಹುಡುಗ ಕೇಳಿದ 87ರ ವಿಷಯ. ನಾನು ಆಗ ಹೈಸ್ಕೂಲು. ಆ ಫೈನಲ್ ದಿನ ನಮ್ಮ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ದೊಡ್ಡ ಪಂದ್ಯದಲ್ಲಿ ಹಿರಿಯ ಬೌಲರ್ ಹಾಗೆ ಹೊಡೆಸಿಕೊಂಡದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಮತ್ತೆ ನನ್ನ ಪ್ರಕಾರ ಜಹೀರ್ ಖಾನ್ ಅವರಿಗಿಂತ ಮೇಲೆ. 311 ಟೆಸ್ಟ್ ವಿಕೆಟ್, 2011ರ ವಿಶ್ವಕಪ್. ವಿದೇಶದಲ್ಲೂ ಜಹೀರ್ ಜಾಸ್ತಿ ಗೆಲ್ಲಿಸಿದ್ದಾರೆ ಅಲ್ವಾ?

ಬಿಜೈ ಬೌಲರ್:

ಸುರತ್ಕಲ್‌ನವರೇ, ನ್ಯಾಯವಾದ ಪ್ರಶ್ನೆ.

ಆ ದಿನ ಶ್ರೀನಾಥ್ ಚೆನ್ನಾಗಿ ಹಾಕಲಿಲ್ಲ. ಯಾರೂ ಚೆನ್ನಾಗಿ ಹಾಕಲಿಲ್ಲ. ಪಾಂಟಿಂಗ್ ಔಟಾಗದೆ 140, ಆಸ್ಟ್ರೇಲಿಯಾ 2 ವಿಕೆಟಿಗೆ 359. ಜಹೀರ್ 7 ಓವರಿಗೆ 67 ಕೊಟ್ಟರು. ಸಿಕ್ಕಿದ ಎರಡು ವಿಕೆಟ್ಟೂ ಹರ್ಭಜನ್‌ಗೆ. ಆದರೆ ಆ ಫೈನಲಿಗೆ ಭಾರತ ಹೋದದ್ದು ಹೇಗೆ? ಶ್ರೀನಾಥ್ ಆಗ 33 ದಾಟಿದವರು. ಟೆಸ್ಟ್ ಆಟ ಮುಗಿಸಿದ್ದರು. ಗಂಗೂಲಿ ಕೇಳಿಕೊಂಡರು ಅಂತ ವಿಶ್ವಕಪ್ಪಿಗೆ ಬಂದರು. 11 ಪಂದ್ಯ, 16 ವಿಕೆಟ್. ಶ್ರೀಲಂಕಾವನ್ನು 109ಕ್ಕೆ ಕೆಡವಿದ ಪಂದ್ಯದಲ್ಲಿ ಶುರುವಿನ ವಿಕೆಟ್‌ಗಳು ಯಾರವು ಅಂತ ನೋಡಿ. ಒಂದು ಕಡೆ ಅವರು, ಜೊತೆಗೆ ಜಹೀರ್ ಮತ್ತು ನೆಹ್ರಾ. ಮೂರು ವೇಗಿಗಳನ್ನು ನಂಬಿ ಭಾರತ ವಿಶ್ವಕಪ್ ಆಡಿತು. ಅದಕ್ಕಿಂತ ಹತ್ತು ವರ್ಷ ಹಿಂದೆ ಇದನ್ನು ಯಾರಾದರೂ ಹೇಳಿದ್ದರೆ ನಂಬುತ್ತಿದ್ದಿರಾ?

87 ಅನ್ನುವ ಅಂಕಿಯೇ ಬೇಕು ಅಂದರೆ ಇನ್ನೊಂದು 87 ಕೂಡ ಉಂಟು. 1995ರಲ್ಲಿ ಇಂಗ್ಲೆಂಡಿನ ಕೌಂಟಿಯಲ್ಲಿ ಗ್ಲಾಸ್ಟರ್‌ಶೈರ್ ಪರ ಒಂದೇ ಸೀಸನ್‌ನಲ್ಲಿ ಶ್ರೀನಾಥ್ ತೆಗೆದದ್ದು 87 ವಿಕೆಟ್. ಆ ವರ್ಷ ಕೋರ್ಟ್ನಿ ವಾಲ್ಷ್ ವೆಸ್ಟ್ ಇಂಡೀಸ್ ತಂಡದ ಜೊತೆ ಪ್ರವಾಸದಲ್ಲಿದ್ದರು. ಅವರ ಜಾಗಕ್ಕೆ ಹೋದವರು ನಮ್ಮವರು. ಗ್ಲಾಮೊರ್ಗನ್ ವಿರುದ್ಧ ಒಂದು ಇನ್ನಿಂಗ್ಸಿನಲ್ಲಿ 76 ರನ್ನಿಗೆ 9. ವಾಲ್ಷ್ ಬಿಟ್ಟು ಹೋದ ಹೊಸ ಚೆಂಡನ್ನು ಎತ್ತಿಕೊಂಡು ಇಷ್ಟು ಮಾಡುವುದು ಸಣ್ಣ ಮಾತಲ್ಲ.

ಜಹೀರ್ ಬಗ್ಗೆ. ಒಳ್ಳೆಯ ಬೌಲರ್, 2011ರಲ್ಲಿ ಅವರಿಲ್ಲದೆ ಕಪ್ ಇಲ್ಲ. ಹಳೆ ಚೆಂಡು ತಿರುಗಿಸುವ ಜಾಣತನದಲ್ಲಿ ಜಹೀರ್ ಮೇಲೆ ಅಂತ ನಾನೂ ಒಪ್ಪುತ್ತೇನೆ. ವಿದೇಶದ ವಿಷಯದಲ್ಲೂ ನಿಮ್ಮ ಮಾತಿನಲ್ಲಿ ಹುರುಳುಂಟು, ಶ್ರೀನಾಥ್ ಸರಾಸರಿ ಹೊರಗೆ ಏರುತ್ತದೆ. ಅವರ ಕಾಲದಲ್ಲಿ ವಿದೇಶದಲ್ಲಿ ಭಾರತ ಗೆದ್ದದ್ದೇ ಕಡಿಮೆ. 1996-97ರ ಡರ್ಬನ್ ನೋಡಿ, ನಮ್ಮ ಬ್ಯಾಟಿಂಗ್ 100 ಮತ್ತು 66ಕ್ಕೆ ಆಲೌಟ್. ಬೌಲರ್ ಏನು ಮಾಡಬೇಕು? ಆದರೂ ಒಟ್ಟು ಟೆಸ್ಟ್ ಸರಾಸರಿ ನೋಡಿದರೆ ಜಹೀರ್‌ದು 32.94, ಇಶಾಂತ್‌ದು 32.40, ಶ್ರೀನಾಥ್‌ದು 30.49. ಒಂದು ವಿಕೆಟಿಗೆ ಬೇಕಾದ ಚೆಂಡುಗಳ ಲೆಕ್ಕದಲ್ಲಿ ಶ್ರೀನಾಥ್ ಮತ್ತು ಕಪಿಲ್ ಹತ್ತಿರ ಹತ್ತಿರ ಒಂದೇ, 64. ಏಕದಿನದಲ್ಲಿ 315 ವಿಕೆಟ್. 300 ದಾಟಿದ ಭಾರತದ ವೇಗಿ ಇವತ್ತಿಗೂ ಅವರೊಬ್ಬರೇ. ನಾಲ್ಕು ವಿಶ್ವಕಪ್ ಸೇರಿ 44 ವಿಕೆಟ್. ಜಹೀರ್ ಅದನ್ನು ಸರಿಗಟ್ಟಿದರು, 2023ರಲ್ಲಿ ಶಮಿ ದಾಟಿದರು.

ಕಾಪುವಿನವರು ಮನುಷ್ಯ ಎಂಥವರು ಅಂತ ಬರೆದಿದ್ದಾರೆ. ಅದಕ್ಕೆ ಒಂದು ಸೇರಿಸುತ್ತೇನೆ. ಕೋಲ್ಕತ್ತಾದ ಪಂದ್ಯಕ್ಕೆ ಕೆಲವೇ ದಿನ ಮೊದಲು ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಒಂದೇ ಇನ್ನಿಂಗ್ಸಿನಲ್ಲಿ ಹತ್ತಕ್ಕೆ ಹತ್ತು ವಿಕೆಟ್ ತೆಗೆದರು. ಒಂಬತ್ತು ಆದ ಮೇಲೆ ಇನ್ನೊಂದು ತುದಿಯಿಂದ ಹಾಕಿದವರು ಶ್ರೀನಾಥ್. ಆ ಓವರಿನಲ್ಲಿ ಚೆಂಡನ್ನು ಆಫ್ ಸ್ಟಂಪಿನಿಂದ ದೂರ ದೂರ ಹಾಕಿ ಗೆಳೆಯನಿಗೆ ಹತ್ತನೆಯದನ್ನು ಉಳಿಸಿದರು. ಅದಾದ ಮೇಲೆ ಇಬ್ಬರೂ 2010ರಲ್ಲಿ ಕರ್ನಾಟಕ ಕ್ರಿಕೆಟ್ ಸಂಸ್ಥೆಗೆ ಒಟ್ಟಿಗೆ ಬಂದರು, ಕುಂಬ್ಳೆ ಅಧ್ಯಕ್ಷರು, ಶ್ರೀನಾಥ್ ಕಾರ್ಯದರ್ಶಿ. 2006ರಿಂದ ಐಸಿಸಿ ಮ್ಯಾಚ್ ರೆಫ್ರಿ ಕೆಲಸ ಬೇರೆ.

ಕಡಿಯಾಳಿಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮಳೆ ಬಂದು ಅಜ್ಜರಕಾಡಿನಲ್ಲಿ ಅಭ್ಯಾಸ ಇರಲಿಲ್ಲ. ಮಗನನ್ನು ಕೂರಿಸಿ ಅಹ್ಮದಾಬಾದ್ ಹಾಕಿದೆ. ಚಿತ್ರ ಅಷ್ಟು ಸ್ಪಷ್ಟ ಇಲ್ಲ, ಆದರೂ ಅವನು ಕಣ್ಣು ತೆಗೆಯಲಿಲ್ಲ. ಕಲಿನನ್ ವಿಕೆಟನ್ನು ಹಿಂದೆ ಮಾಡಿ ಮಾಡಿ ನೋಡಿದ. "ಅಮ್ಮ, ಇಷ್ಟು ಹಳೆ ವಿಡಿಯೋದಲ್ಲೂ ಸ್ಪೀಡ್ ಗೊತ್ತಾಗ್ತದೆ" ಅಂದ. ಕೋಲ್ಕತ್ತಾ ನಾಳೆ ನೋಡುವುದಂತೆ. 87 ವಿಕೆಟಿನ ಕಥೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತ, ಆಮೇಲೆ ಅದನ್ನೂ ಫೋನಿನಲ್ಲಿ ಹುಡುಕಿ ನೋಡಿದ.

ಬಿಜೈಯವರಲ್ಲಿ ಒಂದು ಕೇಳುವುದುಂಟು. ನೀವು ಭುಜದ ಆಪರೇಷನ್ ಬರೆದದ್ದು ಓದಿ ನನಗೆ ಚಿಂತೆ ಶುರುವಾಯಿತು. ಎರಡು ವಾರದಿಂದ ಇವನು ರಾತ್ರಿ ಬಲ ಭುಜಕ್ಕೆ ನೋವಿನ ಮುಲಾಮು ಹಚ್ಚುತ್ತಿದ್ದಾನೆ. ಕೇಳಿದರೆ ಎಂತ ಇಲ್ಲ ಅನ್ನುತ್ತಾನೆ. ಸಂಜೆ ಬೌಲಿಂಗ್, ಶನಿವಾರ ಭಾನುವಾರ ಮತ್ತೆ ಪಂದ್ಯ. ಬಿಡಿಸಬೇಕಾ?

ಬಿಜೈ ಬೌಲರ್:

ಆಟ ಬಿಡಿಸಬೇಡಿ ಮೇಡಂ. ಆದರೆ ನೋವು ಪೂರ್ತಿ ಹೋಗುವ ತನಕ ಲೆದರ್ ಬಾಲ್ ಬೌಲಿಂಗ್ ನಿಲ್ಲಿಸಿ, ನಾಳೆಯಿಂದಲೇ. ಮುಲಾಮು ಹಚ್ಚಿಕೊಂಡು ಹಾಕುವುದು ಅಂತೂ ಬೇಡವೇ ಬೇಡ. ಮೂಳೆ ಡಾಕ್ಟರ್ ಅಥವಾ ಆಟಗಾರರನ್ನು ನೋಡುವ ಫಿಸಿಯೊ ಹತ್ತಿರ ಒಮ್ಮೆ ತೋರಿಸಿ. ಈ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಾ ಇರುತ್ತದೆ, ಹಾಗಾಗಿ ಎರಡು ವಾರದ ನೋವನ್ನು ಸುಮ್ನೆ ಬಿಡಬಾರದು.

ವಾಪಸ್ ಶುರು ಮಾಡುವಾಗ ದಿನಕ್ಕೆ ಎಷ್ಟು ಚೆಂಡು ಹಾಕಿದ ಅಂತ ಒಂದು ಪುಸ್ತಕದಲ್ಲಿ ಬರೆಯಲಿ. ನೆಟ್ಸ್‌ನದ್ದೂ ಸೇರಿಸಿ. ನನ್ನ ಹತ್ತಿರ ಬರುವ ಹುಡುಗರೆಲ್ಲ ಬರೆಯುತ್ತಾರೆ. ವಾರಾಂತ್ಯ ಪಂದ್ಯ ಇದ್ದರೆ ಶುಕ್ರವಾರ ಬೌಲಿಂಗ್ ಇಲ್ಲ. ರಬ್ಬರ್ ಬ್ಯಾಂಡ್ ಕಟ್ಟಿ ಭುಜಕ್ಕೆ ಮಾಡುವ ವ್ಯಾಯಾಮ ಫಿಸಿಯೊ ಹೇಳಿಕೊಡುತ್ತಾರೆ, ಅದನ್ನು ತಪ್ಪಿಸಬಾರದು. ಅಜ್ಜಿ ಮನೆಯ ಗದ್ದೆಯಲ್ಲಿ ಅಂಡರ್‌ಆರ್ಮ್ ಬ್ಯಾಟಿಂಗ್ ಮಾಡುವುದಕ್ಕೆ ಡಾಕ್ಟರ್ ಒಪ್ಪಿದರೆ ಮಾಡಲಿ. ಆದರೆ ಬೌಂಡರಿಯಿಂದ ಜೋರಾಗಿ ಚೆಂಡು ಎಸೆಯುವುದು ಬೇಡ, ಭುಜ ಕೆಡುವುದು ಅದರಲ್ಲೂ ಉಂಟು.

ಕೋಲ್ಕತ್ತಾ ನೋಡುವಾಗ ಎರಡನೇ ಇನ್ನಿಂಗ್ಸಿನ ವಿಕೆಟ್‌ಗಳಲ್ಲಿ ಶ್ರೀನಾಥ್ ಅವರ ಎಡಗೈ ಎಷ್ಟು ಮೇಲೆ ಹೋಗುತ್ತದೆ ಅಂತ ನೋಡಲು ಹೇಳಿ. ಎಡಗೈ ಬೇಗ ಕೆಳಗೆ ಬಿದ್ದರೆ ಭಾರವೆಲ್ಲ ಬಲ ಭುಜಕ್ಕೆ ಬರುತ್ತದೆ. ಡಾಕ್ಟರ್ ಏನು ಹೇಳಿದರು ಅಂತ ಇಲ್ಲೇ ಬರೆಯಿರಿ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಮಂಗಳೂರಿಗೆ ಕರೆದುಕೊಂಡು ಬನ್ನಿ, ಅವನ ಆಕ್ಷನ್ ನೋಡುತ್ತೇನೆ.